ಇಂದಿನ ಯುದ್ಧನೌಕೆಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಟಿವಿ ಚರ್ಚೆಗಳಲ್ಲಿ ನೌಕಾಪಡೆಗಳನ್ನು ಕ್ರಿಕೆಟ್ ಸ್ಕೋರ್‌ ಹಾಗೆ ಓದಿ ಹೇಳುತ್ತಾರೆ: ಅವರದು ಇಷ್ಟು ಹಡಗು, ಇವರದು ಇಷ್ಟು. ಆ ಅಂಕಿಗಳ ಹಿಂದೆ ಏನಿದೆ ಎಂದು ತಿಳಿಯಬೇಕೆನ್ನುವವರಿಗೆ ಈ ಪುಟ. ಪ್ರಶ್ನೆಗಳು ಓದುಗರವು. ಕೆಲವು ಉತ್ತರ ಉದ್ದವಾಗಿವೆ, ಏಕೆಂದರೆ ವಿಷಯವೇ ಹಾಗಿದೆ.

ಡಿಸ್ಟ್ರಾಯರ್, ಫ್ರಿಗೇಟ್, ಕಾರ್ವೆಟ್: ವ್ಯತ್ಯಾಸ ಏನು?

ಸ್ಥೂಲವಾಗಿ ಹೇಳುವುದಾದರೆ ಕಾರ್ವೆಟ್ ಚಿಕ್ಕದು, ಫ್ರಿಗೇಟ್ ಮಧ್ಯಮ, ಡಿಸ್ಟ್ರಾಯರ್ ದೊಡ್ಡದು. ಆದರೆ ಇದನ್ನು ನಿಯಮ ಅಂದುಕೊಂಡರೆ ಮೋಸ ಹೋಗುತ್ತೀರಿ. 2021ರಲ್ಲಿ ಸೇವೆಯಿಂದ ನಿವೃತ್ತಿಯಾದ ಐಎನ್‌ಎಸ್ ರಜಪೂತ್ ಸುಮಾರು 5,000 ಟನ್ನಿನ ಹಡಗು, ಅದನ್ನು ಡಿಸ್ಟ್ರಾಯರ್ ಅಂದರು. 2025ರ ಜನವರಿಯಲ್ಲಿ ಸೇವೆಗೆ ಸೇರಿದ ಐಎನ್‌ಎಸ್ ನೀಲಗಿರಿ ಸುಮಾರು 6,670 ಟನ್, ಇದು ಫ್ರಿಗೇಟ್. ಜರ್ಮನಿಯ ಬಾಡೆನ್-ವುರ್ಟೆಂಬರ್ಗ್ 7,000 ಟನ್ ದಾಟಿದ್ದರೂ ಫ್ರಿಗೇಟೇ. ಜಪಾನಿನ ಇಜುಮೊ 248 ಮೀಟರ್ ಉದ್ದ, ಮೇಲೆ ಪೂರ್ತಿ ಸಪಾಟಾದ ಡೆಕ್. ನೋಡಿದವರೆಲ್ಲ ವಿಮಾನವಾಹಕ ಅನ್ನುತ್ತಾರೆ, ಜಪಾನ್ ಮಾತ್ರ ಅದನ್ನು ಡಿಸ್ಟ್ರಾಯರ್ ಎಂದೇ ಸೇರಿಸಿಕೊಂಡಿತು. ಆಕ್ರಮಣದ ಹಡಗು ಇಟ್ಟುಕೊಳ್ಳುವುದು ಅಲ್ಲಿನ ಸಂವಿಧಾನಕ್ಕೆ ಮುಜುಗರದ ವಿಷಯ.

ಹಾಗಾಗಿ ಹೆಸರು ಬಿಡಿ, ಮೂರು ಸಂಗತಿ ನೋಡಿ: ಯಾವ ರೇಡಾರ್ ಇದೆ, ದೂರದ ವಿಮಾನಗಳನ್ನು ಹೊಡೆಯುವ ಕ್ಷಿಪಣಿ ಎಷ್ಟಿವೆ, ನೀರಿನೊಳಗಿನದನ್ನು ಶಬ್ದದಿಂದ ಹುಡುಕುವ, ಬಾಲದಲ್ಲಿ ಎಳೆಯುವ ಸೋನಾರ್ ಇದೆಯೇ. ಇಡೀ ನೌಕಾಗುಂಪಿನ ಮೇಲೆ ಕೊಡೆ ಹಿಡಿಯಬಲ್ಲದ್ದು ಡಿಸ್ಟ್ರಾಯರಿನ ಕೆಲಸ ಮಾಡುತ್ತದೆ. ತನ್ನನ್ನು ಕಾಪಾಡಿಕೊಂಡು ಜಲಾಂತರ್ಗಾಮಿ ಹುಡುಕುವುದು ಫ್ರಿಗೇಟಿನ ಕೆಲಸ.

ಹಡಗನ್ನು ತೂಗುವುದು ಹೇಗೆ?

ತೂಗುವುದಿಲ್ಲ, ಅದು ಪಕ್ಕಕ್ಕೆ ತಳ್ಳಿದ ನೀರನ್ನು ಲೆಕ್ಕ ಹಾಕುತ್ತಾರೆ. ಒಂದು ಘನಮೀಟರ್ ಸಮುದ್ರದ ನೀರು ಸುಮಾರು 1.025 ಟನ್. 45,000 ಟನ್ನಿನ ಹಡಗು ಅಂದರೆ ಸುಮಾರು 43,900 ಘನಮೀಟರ್ ನೀರನ್ನು ತಳ್ಳಿ ನಿಂತಿದೆ ಎಂದರ್ಥ. ವ್ಯಾಪಾರಿ ಹಡಗುಗಳ ಟನ್ ಬೇರೆ: ಅಲ್ಲಿ ಕೆಲವು ಸಲ ಒಳಗಿನ ಜಾಗದ ಅಳತೆ, ಕೆಲವು ಸಲ ಹೊರಬಲ್ಲ ಸರಕಿನ ತೂಕ. ಎರಡನ್ನೂ ಪಕ್ಕಪಕ್ಕ ಇಟ್ಟು ಹೋಲಿಸಬೇಡಿ.

ಜಗತ್ತಿನ ಅತಿ ದೊಡ್ಡ ನೌಕಾಪಡೆ ಯಾವುದು?

ಸಂಖ್ಯೆಯಲ್ಲಿ ಚೀನಾ, 370ಕ್ಕೂ ಹೆಚ್ಚು ಹಡಗು ಮತ್ತು ಜಲಾಂತರ್ಗಾಮಿಗಳು. ಅಮೆರಿಕದ್ದು 295ರ ಆಸುಪಾಸು. ಒಟ್ಟು ತೂಕದಲ್ಲಿ ಅಮೆರಿಕ ಬಹಳ ಮುಂದೆ, ಏಕೆಂದರೆ ಅದರ 11 ಅಣುಶಕ್ತಿ ವಿಮಾನವಾಹಕಗಳಲ್ಲಿ ಒಂದೊಂದೂ ಒಂದು ಲಕ್ಷ ಟನ್ನಿನ ಆಸುಪಾಸು.

ಎರಡು ಅಂಕಿಗಳೂ ಅರ್ಧ ಸತ್ಯ. ಅಮೆರಿಕದ ಹಡಗುಗಳು ಮೂರು ಸಾಗರಗಳಲ್ಲಿ ಹರಡಿವೆ, ಚೀನಾದ ಹೆಚ್ಚಿನವು ಮನೆಯ ಅಂಗಳದಲ್ಲೇ ಇವೆ. ಅಂಗಳದಲ್ಲಿ ಜಗಳವಾದರೆ ಚಿಕ್ಕ ಹಡಗಿಗೂ ಬೆಲೆ ಇದೆ. ಹತ್ತು ಸಾವಿರ ಕಿಲೋಮೀಟರ್ ದೂರದಲ್ಲಾದರೆ ಇಂಧನ ತರುವ ಟ್ಯಾಂಕರ್ ಎಷ್ಟಿವೆ ಎಂಬುದೇ ಮುಖ್ಯ ಪ್ರಶ್ನೆ.

ಮೂರು ಹಡಗಿದ್ದರೆ ಸಮುದ್ರದಲ್ಲಿ ಒಂದೇ ಇರುತ್ತದೆ ಅನ್ನುತ್ತಾರೆ. ನಿಜವೇ?

ಹೆಚ್ಚುಕಡಿಮೆ ನಿಜ. ಒಂದು ಕರ್ತವ್ಯದಲ್ಲಿ, ಒಂದು ತರಬೇತಿಯಲ್ಲಿ, ಒಂದು ರಿಪೇರಿಯಲ್ಲಿ. ಬ್ರಿಟನ್ ಎರಡೇ ವಿಮಾನವಾಹಕ ಕಟ್ಟಿತು. 2022ರ ಆಗಸ್ಟ್‌ನಲ್ಲಿ ಎಚ್‌ಎಂಎಸ್ ಪ್ರಿನ್ಸ್ ಆಫ್ ವೇಲ್ಸ್ ಅಮೆರಿಕಕ್ಕೆ ಹೊರಟು, ಬಂದರು ಬಿಟ್ಟ ಸ್ವಲ್ಪ ಹೊತ್ತಿನಲ್ಲೇ ಐಲ್ ಆಫ್ ವೈಟ್ ಬಳಿ ನಿಂತಿತು. ಪ್ರೊಪೆಲರ್ ಶಾಫ್ಟಿನ ಎರಡು ತುಂಡುಗಳನ್ನು ಜೋಡಿಸುವ ಕಪ್ಲಿಂಗ್ ಮುರಿದಿತ್ತು. ಶಾಫ್ಟ್ ಒಂದು ರೇಖೆಯಲ್ಲಿ ಸರಿಯಾಗಿ ಕೂತಿರಲಿಲ್ಲ. 65,000 ಟನ್ನಿನ ಹಡಗು ಒಂದು ಜೋಡಣೆಯ ತಪ್ಪಿಗೆ ತಿಂಗಳುಗಟ್ಟಲೆ ಡ್ರೈಡಾಕ್ (ನೀರು ಖಾಲಿ ಮಾಡಿ ಹಡಗು ರಿಪೇರಿ ಮಾಡುವ ಕಟ್ಟೆ) ಸೇರಿತು. ಇನ್ನೊಂದು ಇದ್ದದ್ದರಿಂದ ಅದು ಹೋಯಿತು. ರಷ್ಯಾಕ್ಕೆ ಇದ್ದದ್ದೇ ಒಂದು, ಅಡ್ಮಿರಲ್ ಕುಜ್ನೆತ್ಸೊವ್. 2017-18ರಲ್ಲಿ ರಿಪೇರಿಗೆ ಕೂತದ್ದು ಮತ್ತೆ ಕರ್ತವ್ಯಕ್ಕೆ ಬರಲಿಲ್ಲ.

ಕೆಲವು ವಿಮಾನವಾಹಕಗಳ ಮೂತಿ ಮೇಲಕ್ಕೆ ಬಾಗಿರುತ್ತದೆ, ಕೆಲವದು ಸಪಾಟು. ಏಕೆ?

ವಿಮಾನವನ್ನು ಹಾರಿಸಲು ಮೂರು ದಾರಿಗಳಿವೆ.

ಅಮೆರಿಕ, ಫ್ರಾನ್ಸ್, ಮತ್ತು ಈಗ ಚೀನಾದ ಫುಜಿಯಾನ್ ಕೆಟಪಲ್ಟ್ ಬಳಸುತ್ತವೆ. ಡೆಕ್‌ನ ಸೀಳಿನಲ್ಲಿ ಓಡುವ ಕೊಕ್ಕೆ ವಿಮಾನದ ಮುಂಗಾಲನ್ನು ಹಿಡಿದು, ಸುಮಾರು 90 ಮೀಟರ್ ದೂರದಲ್ಲಿ, ಎರಡೇ ಸೆಕೆಂಡಿನಲ್ಲಿ, ಗಂಟೆಗೆ 250 ಕಿಲೋಮೀಟರಿಗೂ ಹೆಚ್ಚು ವೇಗಕ್ಕೆ ಎಸೆಯುತ್ತದೆ. ಹಳೆಯ ನಿಮಿಟ್ಜ್ ದರ್ಜೆಯಲ್ಲಿ ಇದಕ್ಕೆ ಹಬೆ, 2017ರ ಜೆರಾಲ್ಡ್ ಆರ್. ಫೋರ್ಡ್ ಮತ್ತು ಫುಜಿಯಾನ್‌ನಲ್ಲಿ ವಿದ್ಯುತ್ಕಾಂತ. ಹಬೆಯ ಯಂತ್ರಕ್ಕೆ ವಿಮಾನದ ತೂಕವನ್ನು ಪ್ರತಿಸಲ ಸರಿಯಾಗಿ ಹೇಳಬೇಕು. ಡೆಕ್ ಮೇಲೆ ಒಬ್ಬ ನಾವಿಕ ತೂಕ ಬರೆದ ಬೋರ್ಡನ್ನು ಪೈಲಟ್‌ಗೆ ಎತ್ತಿ ತೋರಿಸುತ್ತಾನೆ. ಪೈಲಟ್ ಕೈಸನ್ನೆಯಲ್ಲಿ ಹೌದು ಅನ್ನುವವರೆಗೆ ಮುಂದಿನ ಹೆಜ್ಜೆ ಇಲ್ಲ. ಕಡಿಮೆ ತೂಕಕ್ಕೆ ಹಬೆ ಹೊಂದಿಸಿದರೆ ವಿಮಾನ ಹಾರುವ ವೇಗ ಮುಟ್ಟದೆ ಹಡಗಿನ ಮುಂದೆಯೇ ನೀರಿಗೆ ಬೀಳುತ್ತದೆ. ಹೆಚ್ಚಿನ ತೂಕಕ್ಕೆ ಹೊಂದಿಸಿದರೆ ಮುಂಗಾಲೇ ಕಿತ್ತುಬರಬಹುದು.

ಐಎನ್‌ಎಸ್ ವಿಕ್ರಮಾದಿತ್ಯ, ವಿಕ್ರಾಂತ್, ಚೀನಾದ ಲಿಯಾವೊನಿಂಗ್ ಮತ್ತು ಶಾಂಡಾಂಗ್‌ಗಳಲ್ಲಿ ಸುಮಾರು 12ರಿಂದ 14 ಡಿಗ್ರಿ ಬಾಗಿದ ಸ್ಕೀ ಜಂಪ್ ಇದೆ. ವಿಮಾನ ತನ್ನದೇ ಎಂಜಿನ್ ಬಲದಲ್ಲಿ ಓಡಿ ಮೇಲಕ್ಕೆ ಚಿಮ್ಮುತ್ತದೆ. ಯಂತ್ರ ಕಡಿಮೆ, ಕೆಡುವುದೂ ಕಡಿಮೆ. ತೆರಬೇಕಾದ ಬೆಲೆ ಎಂದರೆ, ಪೂರ್ತಿ ಇಂಧನ ಮತ್ತು ಪೂರ್ತಿ ಆಯುಧ ಎರಡನ್ನೂ ಒಟ್ಟಿಗೆ ಹೊತ್ತು ಏಳುವುದು ಕಷ್ಟ. ಬೆನ್ನ ಮೇಲೆ ದೊಡ್ಡ ರೇಡಾರ್ ತಟ್ಟೆ ಹೊತ್ತ ಇ-2 ಹಾಕ್‌ಐಯಂಥ ನಿಧಾನದ ವಿಮಾನವಂತೂ ಇಲ್ಲಿಂದ ಏಳುವುದೇ ಇಲ್ಲ. ಅದರ ಬದಲು ಭಾರತ ಕಾಮೊವ್-31 ಹೆಲಿಕಾಪ್ಟರ್ ಬಳಸುತ್ತದೆ. ಈ ಕೊರತೆ ಎಷ್ಟು ದೊಡ್ಡದು ಎಂಬುದು ಮುಂದೆ ರೇಡಾರ್ ಪ್ರಶ್ನೆಯಲ್ಲಿ ಗೊತ್ತಾಗುತ್ತದೆ.

ಮೂರನೆಯದು ಬ್ರಿಟನ್, ಇಟಲಿ, ಜಪಾನ್ ಹಿಡಿದ ದಾರಿ: ಎಫ್-35ಬಿಯಂಥ, ನೇರವಾಗಿ ಕೆಳಗಿಳಿಯಬಲ್ಲ ವಿಮಾನ. ಇಳಿಯುವಾಗ ಹಿಡಿದು ನಿಲ್ಲಿಸುವ ತಂತಿ ಬೇಡ, ಕೆಟಪಲ್ಟ್ ಬೇಡ. ಆದರೆ ಆ ವಿಮಾನವನ್ನು ಮಾರುವವರು ಒಬ್ಬರೇ.

ಭಾರತ 2025ರ ಏಪ್ರಿಲ್‌ನಲ್ಲಿ 26 ರಫೇಲ್-ಎಂ ವಿಮಾನಗಳಿಗೆ ಸಹಿ ಹಾಕಿತು. ಅವು ಮೂಲತಃ ಕೆಟಪಲ್ಟ್‌ಗೆ ಮಾಡಿದ ವಿಮಾನಗಳು. ಸ್ಕೀ ಜಂಪ್‌ನಿಂದ ಏಳಬಲ್ಲವೇ ಎಂದು 2022ರ ಜನವರಿಯಲ್ಲಿ ಗೋವಾದ ನೌಕಾ ವಿಮಾನನೆಲೆ ಐಎನ್‌ಎಸ್ ಹಂಸದಲ್ಲಿರುವ ನೆಲದ ಮೇಲಿನ ಸ್ಕೀ ಜಂಪ್‌ನಲ್ಲಿ ಪರೀಕ್ಷಿಸಿ ನೋಡಿದ್ದರು.

ಡೆಕ್ ಮೇಲೆ ಇಳಿಯುವಾಗ ಪೈಲಟ್ ಬ್ರೇಕ್ ಹಾಕುವುದಿಲ್ಲವೇ?

ಇಲ್ಲ, ತದ್ವಿರುದ್ಧ. ಚಕ್ರ ಡೆಕ್ ಮುಟ್ಟಿದ ಕ್ಷಣ ಎಂಜಿನ್ ಪೂರ್ತಿ ತೆರೆಯುತ್ತಾನೆ. ಬಾಲದ ಕೊಕ್ಕೆ ಮೂರೋ ನಾಲ್ಕೋ ಉಕ್ಕಿನ ತಂತಿಗಳಲ್ಲಿ ಒಂದಕ್ಕೆ ಸಿಕ್ಕಿದರೆ ಸುಮಾರು 100 ಮೀಟರಿನಲ್ಲಿ ನಿಲ್ಲುತ್ತದೆ. ಸಿಗದಿದ್ದರೆ ಬ್ರೇಕ್ ಹಾಕಲು ಜಾಗವೇ ಇಲ್ಲ, ಮತ್ತೆ ಹಾರಿಹೋಗಲೇಬೇಕು. ಎಂಜಿನ್ ಆಗಲೇ ಪೂರ್ತಿ ಬಲದಲ್ಲಿದ್ದರೆ ಮಾತ್ರ ಅದು ಸಾಧ್ಯ.

ತಂತಿಯ ಎರಡೂ ತುದಿಗಳು ಡೆಕ್ ಕೆಳಗಿನ ಹೈಡ್ರಾಲಿಕ್ ಯಂತ್ರಕ್ಕೆ ಹೋಗುತ್ತವೆ. ಅಲ್ಲಿಯೂ ಬರುವ ವಿಮಾನದ ತೂಕಕ್ಕೆ ಸರಿಯಾಗಿ ಕವಾಟ ಹೊಂದಿಸಬೇಕು. ಡೆಕ್ ಮೇಲಿನ ತುಂಡನ್ನು ನೂರು, ನೂರಿಪ್ಪತ್ತೈದು ಇಳಿತಗಳಾದ ಮೇಲೆ ಬದಲಿಸಿ ಎಸೆಯುತ್ತಾರೆ. ಯಂತ್ರದ ನಿರ್ವಹಣೆಯಲ್ಲಿ ಒಂದು ಹೆಜ್ಜೆ ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ 2016ರ ಮಾರ್ಚ್‌ನಲ್ಲಿ ಯುಎಸ್‌ಎಸ್ ಐಸೆನ್‌ಹೋವರ್ ಮೇಲೆ ನಡೆದದ್ದು ಸಾಕ್ಷಿ. ಇ-2 ವಿಮಾನ ಇಳಿಯುವಾಗ ತಂತಿ ಕಡಿದು ಚಾವಟಿಯಂತೆ ಡೆಕ್ ಮೇಲೆ ಬೀಸಿತು, ಎಂಟು ಮಂದಿ ನಾವಿಕರು ಗಾಯಗೊಂಡರು. ವಿಮಾನ ಅಂಚಿನಿಂದ ಕೆಳಗೆ ಜಾರಿ, ನೀರು ಮುಟ್ಟುವ ಮುನ್ನ ಎದ್ದು ಹಾರಿತು. ಎಂಜಿನ್ ಪೂರ್ತಿ ತೆರೆಯುವ ಅಭ್ಯಾಸ ಉಪಯೋಗಕ್ಕೆ ಬಂದದ್ದು ಹೀಗೆ.

ಅಣುಶಕ್ತಿ ಹಡಗಿಗೆ ಇಂಧನವೇ ಬೇಡವಂತೆ?

ಹಡಗು ಓಡಲು ಬೇಡ, ಬೇರೆ ಎಲ್ಲದಕ್ಕೂ ಬೇಕು. ನಿಮಿಟ್ಜ್ ದರ್ಜೆಯ ಹಡಗು ವಿಮಾನಗಳಿಗಾಗಿಯೇ ಸುಮಾರು 1.1 ಕೋಟಿ ಲೀಟರ್ ಇಂಧನ ಹೊರುತ್ತದೆ. ಹಾರಾಟ ಜೋರಾಗಿದ್ದರೆ ಅದನ್ನು ಟ್ಯಾಂಕರಿನಿಂದ ಮತ್ತೆ ಮತ್ತೆ ತುಂಬಿಸಬೇಕು. ಊಟ, ಬಾಂಬು, ಬಿಡಿಭಾಗಗಳೂ ಹಾಗೆಯೇ. ಜೊತೆಗೆ ಬರುವ ಡಿಸ್ಟ್ರಾಯರ್‌ಗಳು ಗ್ಯಾಸ್ ಟರ್ಬೈನಿನವು, ಅವಕ್ಕೂ ಬೇಕು.

ರಿಯಾಕ್ಟರಿನ ಇಂಧನವೂ ಶಾಶ್ವತವಲ್ಲ. ಐವತ್ತು ವರ್ಷದ ಆಯುಸ್ಸಿನ ನಡುವೆ ಒಮ್ಮೆ ಹಡಗನ್ನು ಸೀಳಿ ಇಂಧನ ಬದಲಿಸುತ್ತಾರೆ. ಯುಎಸ್‌ಎಸ್ ಜಾರ್ಜ್ ವಾಷಿಂಗ್ಟನ್ ಈ ಕೆಲಸಕ್ಕೆಂದು 2017ರಲ್ಲಿ ಯಾರ್ಡ್ ಸೇರಿ ಹೊರಬಂದದ್ದು 2023ರಲ್ಲಿ. ಫ್ರಾನ್ಸಿನ ಚಾರ್ಲ್ಸ್ ಡಿ ಗಾಲ್ ಕಡಿಮೆ ಸಮೃದ್ಧಗೊಳಿಸಿದ ಯುರೇನಿಯಂ ಬಳಸುವುದರಿಂದ ಅದಕ್ಕೆ ಇನ್ನೂ ಬೇಗ ಬದಲಿಸಬೇಕಾಗುತ್ತದೆ.

ಸಮುದ್ರದ ನಡುವೆ ಇಂಧನ ತುಂಬುವುದು ಹೇಗೆ?

ಇದನ್ನು ಸರಿಯಾಗಿ ಮಾಡಬಲ್ಲ ನೌಕಾಪಡೆಗಳು ಕಡಿಮೆ. ದೂರ ಹೋಗಬಲ್ಲ ನೌಕಾಪಡೆ ಯಾವುದು ಎಂದು ಅಳೆಯಲು ನಾವಾದರೆ ಮೊದಲು ನೋಡುವುದು ಇದನ್ನೇ.

ಟ್ಯಾಂಕರ್ ಒಂದೇ ದಿಕ್ಕು, ಒಂದೇ ವೇಗ ಹಿಡಿಯುತ್ತದೆ. ಸಾಮಾನ್ಯವಾಗಿ 12ರಿಂದ 15 ನಾಟ್, ಅಂದರೆ ಗಂಟೆಗೆ 22ರಿಂದ 28 ಕಿಲೋಮೀಟರ್. ಯುದ್ಧನೌಕೆ ಹಿಂದಿನಿಂದ ಬಂದು ಪಕ್ಕದಲ್ಲಿ 30ರಿಂದ 60 ಮೀಟರ್ ಅಂತರದಲ್ಲಿ ನಿಲ್ಲುತ್ತದೆ. ನಿಲ್ಲುತ್ತದೆ ಅಂದರೆ ಅಷ್ಟೇ ವೇಗದಲ್ಲಿ ಜೊತೆಗೆ ಓಡುತ್ತದೆ. ಮೊದಲು ಬಂದೂಕಿನಿಂದ ತೆಳ್ಳನೆಯ ದಾರ ಹಾರಿಸುತ್ತಾರೆ. ಅದಕ್ಕೆ ಕಟ್ಟಿದ ಹಗ್ಗ, ಹಗ್ಗಕ್ಕೆ ಕಟ್ಟಿದ ಉಕ್ಕಿನ ತಂತಿ, ತಂತಿಯ ಮೇಲೆ ನೇತಾಡುತ್ತ ಬರುವ ಪೈಪು, ಹೀಗೆ ಒಂದನ್ನೊಂದು ಎಳೆದುಕೊಳ್ಳುತ್ತಾರೆ. ಮೂತಿಯ ಬಳಿ ಎರಡು ಹಡಗುಗಳ ನಡುವೆ ಇನ್ನೊಂದು ಹಗ್ಗ ಇರುತ್ತದೆ, ಅದರ ಮೇಲೆ ಅಳತೆಗೆ ಬಣ್ಣದ ಬಾವುಟಗಳು, ರಾತ್ರಿಯಾದರೆ ದೀಪಗಳು. ಅಂತರ ಕಡಿಮೆಯಾಗುತ್ತಿದೆಯೇ ಎಂದು ಬ್ರಿಡ್ಜ್‌ನಲ್ಲಿ, ಅಂದರೆ ಹಡಗು ನಡೆಸುವ ಕೋಣೆಯಲ್ಲಿ, ಇರುವವರು ಕಣ್ಣಲ್ಲೇ ಓದುವುದು ಅದರಿಂದ. ಐಎನ್‌ಎಸ್ ದೀಪಕ್, ಶಕ್ತಿಯಂಥ ಟ್ಯಾಂಕರ್‌ಗಳು ಗಂಟೆಗೆ 1,500 ಟನ್‌ವರೆಗೆ ಇಂಧನ ತಳ್ಳಬಲ್ಲವು.

ಅಪಾಯ ಇರುವುದು ನೀರಿನಲ್ಲಿ. ಎರಡು ಹಡಗುಗಳ ನಡುವಿನ ಇಕ್ಕಟ್ಟಿನಲ್ಲಿ ನೀರು ವೇಗವಾಗಿ ಹರಿದು ಒತ್ತಡ ಇಳಿಯುತ್ತದೆ, ಎರಡೂ ಒಂದನ್ನೊಂದು ಸೆಳೆಯುತ್ತವೆ. ಮೂತಿಯ ಬಳಿ ಒತ್ತಡ ಹೆಚ್ಚು, ಅಲ್ಲಿ ದೂರ ತಳ್ಳುತ್ತವೆ. ಪಕ್ಕಕ್ಕೆ ಬರುವಾಗ ತಳ್ಳಾಟ, ಬಂದ ಮೇಲೆ ಸೆಳೆತ. ಚುಕ್ಕಾಣಿ ಹಿಡಿದವನು ಅರ್ಧ ಡಿಗ್ರಿ, ಒಂದು ಡಿಗ್ರಿಯ ಲೆಕ್ಕದಲ್ಲಿ ತಿದ್ದುತ್ತ ಇರಬೇಕು. ಎಡವಟ್ಟಾದರೆ ಪಂಪು ನಿಲ್ಲಿಸಿ, ಪೈಪು ಬಿಟ್ಟು, ತಂತಿ ಸಡಿಲಿಸಿ ದೂರ ಸರಿಯುವ ತುರ್ತು ಕ್ರಮವನ್ನು ಮೊದಲೇ ಅಭ್ಯಾಸ ಮಾಡಿಸಿರುತ್ತಾರೆ.

ವೇಗದ ಲೆಕ್ಕವೂ ಇಲ್ಲೇ ಹೇಳಿಬಿಡುವುದು ಒಳ್ಳೆಯದು. ಹಡಗನ್ನು ತಳ್ಳಲು ಬೇಕಾದ ಬಲ ಸುಮಾರಾಗಿ ವೇಗದ ಘನದಷ್ಟು ಏರುತ್ತದೆ. 15 ನಾಟ್‌ನಿಂದ 30ಕ್ಕೆ ಹೋದರೆ ಎಂಟು ಪಟ್ಟು ಬಲ, ಅಷ್ಟೇ ದೂರಕ್ಕೆ ನಾಲ್ಕು ಪಟ್ಟು ಇಂಧನ. "30 ನಾಟ್ ಓಡುತ್ತದೆ" ಎಂದು ಬರೆದಿರುವ ಹಡಗು ಇಡೀ ದಿನ ಹಾಗೆ ಓಡುವುದಿಲ್ಲ.

48 ಕ್ಷಿಪಣಿ, 96 ಸೆಲ್, 112 ಸೆಲ್: ಈ ಸಂಖ್ಯೆಗಳ ಅರ್ಥವೇನು?

ಹಡಗಿನ ಮುಂದಿನ ಡೆಕ್‌ನಲ್ಲಿ ಚೌಕಾಕಾರದ ಮುಚ್ಚಳಗಳ ಸಾಲು ಕಾಣುತ್ತದಲ್ಲ, ಒಂದೊಂದರ ಕೆಳಗೆ ಒಂದೊಂದು ನೆಟ್ಟಗಿನ ಕೊಳವೆ. ಅದೇ ಸೆಲ್. ಅಮೆರಿಕದ ಆರ್ಲೀ ಬರ್ಕ್ ದರ್ಜೆಯಲ್ಲಿ 90 ಅಥವಾ 96, ಚೀನಾದ ಟೈಪ್ 055ರಲ್ಲಿ 112, ದಕ್ಷಿಣ ಕೊರಿಯಾದ ಸೆಜಾಂಗ್ ದಿ ಗ್ರೇಟ್‌ನಲ್ಲಿ 128. ಭಾರತದ ವಿಶಾಖಪಟ್ಟಣಂ ದರ್ಜೆಯಲ್ಲಿ 16 ಬ್ರಹ್ಮೋಸ್, 32 ಬರಾಕ್-8 ಕ್ಷಿಪಣಿ.

ಸೆಲ್ ಸಂಖ್ಯೆ ಕ್ಷಿಪಣಿಯ ಸಂಖ್ಯೆಯಲ್ಲ. ಅಮೆರಿಕದ ಒಂದು ಸೆಲ್‌ನಲ್ಲಿ ನಾಲ್ಕು ಚಿಕ್ಕ ಇಎಸ್‌ಎಸ್‌ಎಂ ಕ್ಷಿಪಣಿ ಹಿಡಿಯುತ್ತವೆ. ಇನ್ನು ಕೆಲವು ಸೆಲ್‌ಗಳಲ್ಲಿ ನೆಲದ ಮೇಲಿನ ಗುರಿಗೆ ಟೊಮಾಹಾಕ್ ಇದ್ದರೆ ಆಕಾಶದ ಶತ್ರುವಿಗೆ ಅಷ್ಟು ಕಡಿಮೆಯಾಯಿತು.

ಖಾಲಿಯಾದ ಮೇಲೆ ನಿಜವಾದ ಕಷ್ಟ. ಐದಾರು ಮೀಟರಿಗೂ ಉದ್ದದ ಡಬ್ಬಿಯನ್ನು ಕ್ರೇನಿನಲ್ಲಿ ನೆಟ್ಟಗೆ ನಿಲ್ಲಿಸಿ, ಕೆಲವೇ ಸೆಂಟಿಮೀಟರ್ ಸಡಿಲವಿರುವ ಕೊಳವೆಗೆ ಇಳಿಸಬೇಕು. ತೂಗಾಡುವ ಹಡಗಿನಲ್ಲಿ ಅದು ಲೋಲಕದ ಹಾಗೆ ಬಡಿದಾಡುತ್ತದೆ. ಆದ್ದರಿಂದ ಬಂದರಿಗೆ ಮರಳಲೇಬೇಕು. 2024ರ ಅಕ್ಟೋಬರ್‌ನಲ್ಲಿ ಅಮೆರಿಕ ಯುಎಸ್‌ಎಸ್ ಚೋಸಿನ್ ಮೇಲೆ, ಸಮುದ್ರದಲ್ಲಿ ಚಲಿಸುತ್ತಿರುವಾಗಲೇ ಖಾಲಿ ಡಬ್ಬಿಯನ್ನು ಇಳಿಸುವ ಯಂತ್ರವನ್ನು ಪರೀಕ್ಷಿಸಿತು. ಇದು ರೂಢಿಗೆ ಬಂದರೆ ಹಡಗಿನ ಸಂಖ್ಯೆ ಹೆಚ್ಚಿಸಿದಷ್ಟೇ ಲಾಭ.

2023ರ ಅಕ್ಟೋಬರ್‌ನಿಂದ ಕೆಂಪು ಸಮುದ್ರದಲ್ಲಿ ಯೆಮೆನ್‌ನ ಹೂಥಿ ಬಂಡುಕೋರರ ಡ್ರೋನ್ ಹೊಡೆಯುತ್ತ ಹೋದ ಹಡಗುಗಳು ಈ ಪಾಠವನ್ನು ದುಬಾರಿಯಾಗಿ ಕಲಿತವು. ಎದುರಾಳಿಯ ಡ್ರೋನ್ ಸಾವಿರಗಳ ಲೆಕ್ಕದ್ದು, ಹೊಡೆಯುವ ಕ್ಷಿಪಣಿ ಹತ್ತು ಲಕ್ಷ ಡಾಲರಿನ ಮೇಲಿನದು, ಮತ್ತು ಹೊಡೆದಷ್ಟೂ ಸೆಲ್ ಖಾಲಿ.

ಇಷ್ಟು ದೊಡ್ಡ ರೇಡಾರ್ ಇದ್ದೂ ಹಡಗಿಗೆ ಕ್ಷಿಪಣಿ ತಗಲುವುದೇಕೆ?

ಭೂಮಿ ಗುಂಡಗಿರುವುದರಿಂದ. ರೇಡಾರ್ ಎಷ್ಟೇ ಶಕ್ತಿಯದ್ದಾದರೂ ದಿಗಂತದ ಕೆಳಗೆ ನೋಡದು. ಲೆಕ್ಕ ಸರಳ: ಆಂಟೆನಾದ ಎತ್ತರದ ವರ್ಗಮೂಲ, ಗುರಿಯ ಎತ್ತರದ ವರ್ಗಮೂಲ, ಎರಡನ್ನೂ ಮೀಟರಿನಲ್ಲಿ ಕೂಡಿಸಿ 4.12ರಿಂದ ಗುಣಿಸಿ. ಉತ್ತರ ಕಿಲೋಮೀಟರಿನಲ್ಲಿ.

ಆಂಟೆನಾ 25 ಮೀಟರ್ ಎತ್ತರದಲ್ಲಿದೆ, ಕ್ಷಿಪಣಿ ಅಲೆಗಳ ಮೇಲೆ 5 ಮೀಟರಿನಲ್ಲಿ ಬರುತ್ತಿದೆ ಅನ್ನಿ. 5 ಮತ್ತು 2.24 ಕೂಡಿದರೆ 7.24, ಗುಣಿಸಿದರೆ ಸುಮಾರು 30 ಕಿಲೋಮೀಟರ್. ಎಕ್ಸೊಸೆಟ್‌ನಂಥದ್ದು ಸೆಕೆಂಡಿಗೆ ಸುಮಾರು 280 ಮೀಟರ್ ಬರುತ್ತದೆ: ಕಂಡ ಕ್ಷಣದಿಂದ ಬಡಿಯುವವರೆಗೆ 107 ಸೆಕೆಂಡು. ಬ್ರಹ್ಮೋಸ್‌ನಂಥ ಶಬ್ದಾತೀತ ಕ್ಷಿಪಣಿ ಸೆಕೆಂಡಿಗೆ 900 ಮೀಟರ್ ಬಂದರೆ 33 ಸೆಕೆಂಡು. ಈಗ ಅದೇ ರೇಡಾರನ್ನು 9,000 ಮೀಟರ್ ಎತ್ತರದ ವಿಮಾನದಲ್ಲಿಡಿ: ದಿಗಂತ 390 ಕಿಲೋಮೀಟರ್ ದಾಟುತ್ತದೆ. ಕೆಟಪಲ್ಟ್ ಇರುವ ಹಡಗು ತಟ್ಟೆ ಹೊತ್ತ ವಿಮಾನ ಹಾರಿಸಬಲ್ಲದು ಎಂಬುದರ ಬೆಲೆ ಇಷ್ಟು.

ಆ 107 ಸೆಕೆಂಡಿನಲ್ಲಿ ಕಂಡದ್ದು ಹಕ್ಕಿಯೋ ಕ್ಷಿಪಣಿಯೋ ತೀರ್ಮಾನಿಸಬೇಕು, ದೂರದ ಕ್ಷಿಪಣಿ ಬಿಡಬೇಕು, ತಪ್ಪಿದರೆ ಹತ್ತಿರದ್ದು ಬಿಡಬೇಕು, ಲೋಹ ಲೇಪಿಸಿದ ನಾರುಗಳನ್ನು ಗಾಳಿಗೆ ಸಿಡಿಸಿ ಸುಳ್ಳು ಹಡಗು ಸೃಷ್ಟಿಸಬೇಕು. ಕೊನೆಯದಾಗಿ ತಾನೇ ಗುರಿ ಹಿಡಿಯುವ ತೋಪು. ಅಮೆರಿಕದ ಫ್ಯಾಲಂಕ್ಸ್ ನಿಮಿಷಕ್ಕೆ 4,500 ಗುಂಡು ಹಾರಿಸುತ್ತದೆ, ಆದರೆ ಅದರ ಕೆಲಸ ಕೊನೆಯ ಒಂದೂವರೆ ಕಿಲೋಮೀಟರಿನಲ್ಲಿ. ಅಲ್ಲಿ ಹೊಡೆದರೂ ಕ್ಷಿಪಣಿಯ ಚೂರುಗಳು ಹಡಗಿನ ಮೇಲೇ ಬೀಳಬಹುದು.

1982ರ ಮೇ 4ರಂದು ಎಚ್‌ಎಂಎಸ್ ಶೆಫೀಲ್ಡ್‌ಗೆ ಬಡಿದ ಎಕ್ಸೊಸೆಟ್ ಬೆಂಕಿ ಹಚ್ಚಿದ್ದಲ್ಲದೆ ಬೆಂಕಿ ಆರಿಸುವ ನೀರಿನ ಮುಖ್ಯ ಕೊಳವೆಯನ್ನೂ ಒಡೆಯಿತು. 20 ಮಂದಿ ಸತ್ತರು, ಆರು ದಿನದ ಮೇಲೆ ಹಡಗು ಮುಳುಗಿತು. 2022ರ ಏಪ್ರಿಲ್‌ನಲ್ಲಿ ರಷ್ಯಾದ ಮಾಸ್ಕ್ವಾ ಕಪ್ಪು ಸಮುದ್ರದಲ್ಲಿ ಮುಳುಗಿದಾಗಲೂ ಕೇಳಬೇಕಾದ ಪ್ರಶ್ನೆ ಅದೇ: ಕ್ಷಿಪಣಿ ತಗಲಿದ್ದೇಕೆ ಎಂಬುದರ ಜೊತೆಗೆ, ತಗಲಿದ ಮೇಲೆ ಉಳಿಸಿಕೊಳ್ಳಲಾಗಲಿಲ್ಲವೇಕೆ.

ಬ್ಯಾಟರಿಯಲ್ಲಿ ಓಡುವ ಜಲಾಂತರ್ಗಾಮಿ ಹಳೆಯ ಕಾಲದ್ದಲ್ಲವೇ?

ಅಲ್ಲ. ಬ್ಯಾಟರಿಯಲ್ಲಿ ನಿಧಾನವಾಗಿ ತೆವಳುವಾಗ ಅದರಷ್ಟು ನಿಶ್ಶಬ್ದ ಬೇರೆ ಇಲ್ಲ. ಅಣುಶಕ್ತಿಯದಕ್ಕೆ ರಿಯಾಕ್ಟರ್ ತಂಪು ಮಾಡುವ ಪಂಪು, ಟರ್ಬೈನು ಓಡುತ್ತಲೇ ಇರಬೇಕು. ಅದರ ಬಲ ವೇಗ ಮತ್ತು ದೂರದಲ್ಲಿ: ವಾರಗಟ್ಟಲೆ ವೇಗವಾಗಿ ಓಡಿದರೂ ಮೇಲೆ ಬರುವ ಗೊಡವೆಯಿಲ್ಲ.

ಭಾರತದ ಕಲ್ವರಿ ದರ್ಜೆಯನ್ನೇ ನೋಡಿ. 67.5 ಮೀಟರ್ ಉದ್ದ, ಒಳಗೆ 360 ಬ್ಯಾಟರಿ ಕೋಶ, ಒಂದೊಂದೂ 750 ಕಿಲೋ. ಒಟ್ಟು 270 ಟನ್ ಬ್ಯಾಟರಿ. ಅದನ್ನು ತುಂಬಲು ಡೀಸೆಲ್ ಎಂಜಿನ್ ಓಡಬೇಕು, ಎಂಜಿನ್ನಿಗೆ ಗಾಳಿ ಬೇಕು, ಗಾಳಿಗೆ ಸ್ನಾರ್ಕೆಲ್ ಕೊಳವೆ ನೀರಿನ ಮೇಲೆ ಏಳಬೇಕು. ಸಿಕ್ಕಿಬೀಳುವುದು ಆಗಲೇ.

ಸ್ನಾರ್ಕೆಲ್ ಹೊತ್ತು ಒಳಗಿರುವವರಿಗೂ ಸುಖವಲ್ಲ. ಅಲೆ ಬಂದು ಕೊಳವೆಯ ಬಾಯಿ ಮುಚ್ಚಿದರೆ ಅಲ್ಲಿನ ಕವಾಟ ತಾನೇ ಮುಚ್ಚಿಕೊಳ್ಳುತ್ತದೆ. ಎಂಜಿನ್ ಮಾತ್ರ ಓಡುತ್ತಲೇ ಇದೆ, ಅದು ಹಡಗಿನ ಒಳಗಿನ ಗಾಳಿಯನ್ನೇ ಎಳೆಯುತ್ತದೆ. ಕಿವಿ ಟಪ್ಪೆನ್ನುತ್ತದೆ. ಕವಾಟ ಬೇಗ ತೆರೆಯದಿದ್ದರೆ ಒತ್ತಡ ಇಳಿದು ಎಂಜಿನ್ ತಾನೇ ನಿಲ್ಲುವ ವ್ಯವಸ್ಥೆ ಇದೆ. ಚಾರ್ಜ್ ಆಗುವಾಗ ಸೀಸದ ಬ್ಯಾಟರಿಯಿಂದ ಜಲಜನಕ ಹೊರಡುತ್ತದೆ. ಗಾಳಿಯಲ್ಲಿ ನೂರಕ್ಕೆ ನಾಲ್ಕು ಭಾಗ ಮುಟ್ಟಿದರೆ ಒಂದು ಕಿಡಿ ಸಾಕು. ಸಮುದ್ರದ ನೀರು ಬ್ಯಾಟರಿಗೆ ಸೇರಿದರೆ ಕ್ಲೋರಿನ್ ವಿಷ. 2017ರ ನವೆಂಬರ್‌ನಲ್ಲಿ 44 ಮಂದಿಯೊಂದಿಗೆ ಮುಳುಗಿದ ಅರ್ಜೆಂಟೀನಾದ ಸ್ಯಾನ್ ಹುವಾನ್ ಕೊನೆಯದಾಗಿ ತಿಳಿಸಿದ್ದೂ ಇದನ್ನೇ: ಸ್ನಾರ್ಕೆಲ್ ಮೂಲಕ ನೀರು ನುಗ್ಗಿ ಬ್ಯಾಟರಿಯಲ್ಲಿ ಶಾರ್ಟ್ ಸರ್ಕ್ಯೂಟ್.

ಎಐಪಿ ಅಂದರೆ ಏನು?

ಹೊರಗಿನ ಗಾಳಿ ಇಲ್ಲದೆ ವಿದ್ಯುತ್ ಮಾಡುವ ಯಂತ್ರ. ಸ್ವೀಡನ್ನಿನ ಗೋಟ್‌ಲ್ಯಾಂಡ್ ದ್ರವ ಆಮ್ಲಜನಕ ಮತ್ತು ಸ್ಟರ್ಲಿಂಗ್ ಎಂಜಿನ್ ಬಳಸುತ್ತದೆ, ಜರ್ಮನಿಯ ಟೈಪ್ 212 ಫ್ಯೂಯೆಲ್ ಸೆಲ್. ನಿಧಾನವಾಗಿ, ನಾಲ್ಕೈದು ನಾಟ್‌ನಲ್ಲಿ, ಎರಡು ವಾರದಷ್ಟು ಮೇಲೆ ಬಾರದೆ ಇರಬಹುದು. ಓಡಿ ತಪ್ಪಿಸಿಕೊಳ್ಳಲು ಇದು ಸಾಲದು, ಅದಕ್ಕೆ ಬ್ಯಾಟರಿಯೇ ಗತಿ. ಜಪಾನ್ 2020ರಲ್ಲಿ ಸೇವೆಗೆ ಸೇರಿಸಿದ ಓರ್ಯೂದಲ್ಲಿ ಎಐಪಿಯನ್ನೇ ಕೈಬಿಟ್ಟು ಲಿಥಿಯಂ-ಅಯಾನ್ ಬ್ಯಾಟರಿ ತುಂಬಿಸಿತು. ಭಾರತ ಡಿಆರ್‌ಡಿಒ ಮಾಡಿದ ಫ್ಯೂಯೆಲ್ ಸೆಲ್ ಎಐಪಿಯನ್ನು ಕಲ್ವರಿ ದರ್ಜೆಗೆ ಸೇರಿಸಲು 2024ರ ಡಿಸೆಂಬರ್‌ನಲ್ಲಿ ಮಜಗಾಂವ್ ಡಾಕ್ ಹಡಗು ಕಾರ್ಖಾನೆಯ ಜೊತೆ ಒಪ್ಪಂದ ಮಾಡಿಕೊಂಡಿತು. ಅಂದರೆ ಹಡಗನ್ನು ನಡುವೆ ಕೊಯ್ದು, ಹೊಸ ತುಂಡು ಸೇರಿಸಿ, ಮತ್ತೆ ಬೆಸೆಯುವುದು.

ಸೋನಾರ್ ಇದ್ದೂ ಜಲಾಂತರ್ಗಾಮಿ ಸಿಗುವುದಿಲ್ಲವೇಕೆ?

ನೀರಿನಲ್ಲಿ ಶಬ್ದ ಸೆಕೆಂಡಿಗೆ ಸುಮಾರು 1,500 ಮೀಟರ್ ಓಡುತ್ತದೆ, ಆದರೆ ನೇರವಾಗಿ ಅಲ್ಲ. ಬಿಸಿ ನೀರಿನಲ್ಲಿ ವೇಗ ಹೆಚ್ಚು, ತಂಪು ನೀರಿನಲ್ಲಿ ಕಡಿಮೆ, ಶಬ್ದ ನಿಧಾನವಾದ ಕಡೆಗೆ ಬಾಗುತ್ತದೆ. ಅರಬ್ಬಿ ಸಮುದ್ರದಂಥ ಕಡೆ ಮೇಲೆ ಬೆಚ್ಚನೆಯ ಪದರ, ಅದರ ಕೆಳಗೆ ಒಮ್ಮೆಲೇ ತಂಪು. ಆ ಗಡಿಯ ಕೆಳಗೆ ಇಳಿದ ಜಲಾಂತರ್ಗಾಮಿ ಹಡಗಿನ ಸೋನಾರಿಗೆ ಗೋಡೆಯ ಹಿಂದೆ ನಿಂತಂತೆ. ಬೆಳಿಗ್ಗೆ ಚೆನ್ನಾಗಿ ಕೇಳುತ್ತಿದ್ದ ಸೋನಾರ್ ಬಿಸಿಲೇರಿದ ಮೇಲೆ ಕಿವುಡಾಗುವುದೂ ಇದೇ ಕಾರಣಕ್ಕೆ.

ಅದಕ್ಕೇ ಹುಡುಕಾಟಕ್ಕೆ ಮೊದಲು ನೀರಿನ ಜ್ವರ ನೋಡುತ್ತಾರೆ. ಕೈಯಷ್ಟುದ್ದದ ಉಷ್ಣಮಾಪಕವನ್ನು ನೀರಿಗೆ ಬಿಡುತ್ತಾರೆ. ಹಿಂದೆ ಕೂದಲಿನಷ್ಟು ತೆಳ್ಳನೆಯ ತಾಮ್ರದ ತಂತಿ ಬಿಚ್ಚಿಕೊಳ್ಳುತ್ತ ಹೋಗುತ್ತದೆ, ತಂತಿ ಮುಗಿದು ಕಡಿಯುವವರೆಗೆ ಆಳ ಆಳದ ಉಷ್ಣಾಂಶ ತಿಳಿಸುತ್ತದೆ. ಗಡಿ ಎಲ್ಲಿದೆ ಎಂದು ಗೊತ್ತಾದ ಮೇಲೆ, ಉದ್ದನೆಯ ಕೇಬಲಿನ ತುದಿಯ ಸೋನಾರನ್ನು ಅದರ ಕೆಳಗೆ ಇಳಿಸಿ ಎಳೆಯುತ್ತಾರೆ. ಮೇಲಿನಿಂದ ಪಿ-8ಐಯಂಥ ವಿಮಾನ, ತೇಲುತ್ತ ನೀರಿನ ಶಬ್ದ ಕೇಳುವ ಸೋನೊಬಾಯ್‌ಗಳನ್ನು ಬೀಜ ಬಿತ್ತಿದ ಹಾಗೆ ಸಾಲಾಗಿ ಬೀಳಿಸುತ್ತದೆ.

ಯುದ್ಧವಿಲ್ಲದೆ ಹಡಗು ಹಾಳಾಗುವುದು ಹೇಗೆ?

ಶಾಂತಿಕಾಲದಲ್ಲಿ ಕಳೆದುಹೋದ ಹಡಗುಗಳ ಪಟ್ಟಿ ಚಿಕ್ಕದೇನಲ್ಲ.

ನಾರ್ವೆಯ ಹೆಲ್ಗೆ ಇಂಗ್‌ಸ್ಟಾಡ್ 2018ರ ನವೆಂಬರ್ 8ರ ನಸುಕಿನಲ್ಲಿ ಟ್ಯಾಂಕರ್ ಒಂದಕ್ಕೆ ಡಿಕ್ಕಿ ಹೊಡೆಯಿತು. ಟ್ಯಾಂಕರಿನ ದೀಪಗಳನ್ನು ದಡದ ದೀಪಗಳೆಂದು ಬ್ರಿಡ್ಜ್‌ನವರು ಅಂದುಕೊಂಡಿದ್ದರು. ಬದಿ ಸೀಳಿ ನೀರು ನುಗ್ಗಿತು. ಗೋಡೆಗಳು ತಡೆಯಬೇಕಿತ್ತು, ಆದರೆ ಟೊಳ್ಳಾದ ಪ್ರೊಪೆಲರ್ ಶಾಫ್ಟಿನ ಒಳಗಿಂದಲೇ ನೀರು ಮುಂದಿನ ಕೋಣೆಗೆ ಹರಿಯಿತು. ವಿನ್ಯಾಸಕಾರರು ಆ ದಾರಿ ಎಣಿಸಿರಲಿಲ್ಲ. 137 ಮಂದಿಯೂ ಬದುಕಿದರು, ಹಡಗು ಹೋಯಿತು.

2017ರ ಆಗಸ್ಟ್‌ನಲ್ಲಿ ಸಿಂಗಪುರದ ಬಳಿ ಯುಎಸ್‌ಎಸ್ ಜಾನ್ ಎಸ್. ಮೆಕೇನ್‌ನಲ್ಲಿ ವೇಗ ಮತ್ತು ಚುಕ್ಕಾಣಿಯ ನಿಯಂತ್ರಣವನ್ನು ಇಬ್ಬರಿಗೆ ಹಂಚಲು ಹೋಗಿ, ಟಚ್‌ಸ್ಕ್ರೀನ್‌ನಲ್ಲಿ ಚುಕ್ಕಾಣಿ ಗೊತ್ತಿಲ್ಲದೆ ಬೇರೆ ಮೇಜಿಗೆ ಹೋಯಿತು. ಚುಕ್ಕಾಣಿಯೇ ಕೆಟ್ಟಿತೆಂದು ಭಾವಿಸಿದರು. ಎರಡು ಪ್ರೊಪೆಲರ್‌ಗಳಲ್ಲಿ ಒಂದರ ವೇಗ ಮಾತ್ರ ಇಳಿದು ಹಡಗು ಎಡಕ್ಕೆ ತಿರುಗಿ ಟ್ಯಾಂಕರ್ ಒಂದಕ್ಕೆ ಡಿಕ್ಕಿಯಾಯಿತು. ಹತ್ತು ಮಂದಿ ಸತ್ತರು. ಆಮೇಲೆ ಅಮೆರಿಕ ಕೈಯಲ್ಲಿ ಹಿಡಿದು ತಳ್ಳುವ ಹಳೆಯ ಥ್ರಾಟಲ್‌ಗೇ ಮರಳಲು ತೀರ್ಮಾನಿಸಿತು.

ಬ್ರಿಟನ್ನಿನ ಟೈಪ್ 45 ಡಿಸ್ಟ್ರಾಯರ್‌ಗಳ ಕತೆ ಬೇರೆ. ಡಬ್ಲ್ಯುಆರ್-21 ಗ್ಯಾಸ್ ಟರ್ಬೈನಿಗೆ ಇಂಧನ ಉಳಿಸುವ ಇಂಟರ್‌ಕೂಲರ್ ಜೋಡಿಸಿದ್ದರು. ಬೆಚ್ಚನೆಯ ಸಮುದ್ರದಲ್ಲಿ ಅದು ಸಾಕಷ್ಟು ತಂಪು ಮಾಡಲಿಲ್ಲ. ಟರ್ಬೈನ್ ಸೋತಾಗ ಹೊರೆಯೆಲ್ಲ ಎರಡು ಡೀಸೆಲ್ ಜನರೇಟರ್ ಮೇಲೆ ಬಿದ್ದು ಅವೂ ಟ್ರಿಪ್. ಪ್ರೊಪೆಲರ್ ಓಡುವುದೂ ವಿದ್ಯುತ್ತಿನಲ್ಲೇ, ಆದ್ದರಿಂದ ಹಡಗು ಕತ್ತಲಲ್ಲಿ ತೇಲುತ್ತ ನಿಂತಿತು. ಈಗ ಎರಡು ಜನರೇಟರ್ ತೆಗೆದು ದೊಡ್ಡ ಮೂರನ್ನು ಹಾಕುತ್ತಿದ್ದಾರೆ. ಹಾಕಲು ಹಡಗಿನ ಬದಿಯನ್ನೇ ಕತ್ತರಿಸಬೇಕು.

ಅಗ್ಗದ ಆಯುಧದಿಂದ ದೊಡ್ಡ ಹಡಗನ್ನು ನಿಲ್ಲಿಸಬಹುದೇ?

ನೂರು ವರ್ಷದಿಂದ ನಿಲ್ಲಿಸುತ್ತಲೇ ಇದ್ದಾರೆ, ನೆಲಬಾಂಬಿನ ಕಡಲ ತಮ್ಮನಾದ ಮೈನ್‌ಗಳಿಂದ. 1988ರ ಏಪ್ರಿಲ್ 14ರಂದು ಯುಎಸ್‌ಎಸ್ ಸ್ಯಾಮ್ಯುಯೆಲ್ ಬಿ. ರಾಬರ್ಟ್ಸ್‌ನ ತಳ ಒಡೆದ ಇರಾನಿನ ಎಂ-08 ಮೈನಿನ ವಿನ್ಯಾಸ 1908ರದ್ದು. ಹೊಸ ಮೈನ್‌ಗಳು ಮುಟ್ಟುವುದನ್ನು ಕಾಯುವುದಿಲ್ಲ. ಹಡಗಿನ ಕಾಂತತೆ, ಶಬ್ದ, ನೀರಿನ ಒತ್ತಡ ಗುರುತಿಸುತ್ತವೆ. ಮೊದಲ ಕೆಲವು ಹಡಗುಗಳನ್ನು ಎಣಿಸಿ ಬಿಟ್ಟು, ಮುಂದಿನದಕ್ಕೆ ಸಿಡಿಯುವಂತೆಯೂ ಹೊಂದಿಸಬಹುದು. ಒಂದು ಹಡಗು ಸುರಕ್ಷಿತವಾಗಿ ದಾಟಿತು ಎಂಬುದು ಎರಡನೆಯದಕ್ಕೆ ಭರವಸೆಯಲ್ಲ.

ಇವನ್ನು ಹುಡುಕುವ ಹಡಗುಗಳು ಕಾಂತಕ್ಕೆ ಅಂಟದ ಫೈಬರ್‌ಗ್ಲಾಸ್ ಅಥವಾ ವಿಶೇಷ ಉಕ್ಕಿನವು. ಸೋನಾರಿನಲ್ಲಿ ತಳವನ್ನು ಗುಡಿಸಿದಂತೆ ನೋಡಿ, ಅನುಮಾನ ಬಂದಲ್ಲಿ ಚಿಕ್ಕ ರೋಬಾಟ್ ಇಳಿಸಿ, ಸಿಡಿಮದ್ದು ಪಕ್ಕದಲ್ಲಿಟ್ಟು ಒಡೆಸುತ್ತಾರೆ. ಗಂಟೆಗಟ್ಟಲೆಯ ಕೆಲಸ. ಭಾರತದ ಮೈನ್‌ಸ್ವೀಪರ್‌ಗಳಲ್ಲಿ ಐಎನ್‌ಎಸ್ ಕಾರವಾರ ಎಂಬುದೂ ಇತ್ತು, 2017ರಲ್ಲಿ ನಿವೃತ್ತಿ. ಕೊನೆಯದಾದ ಐಎನ್‌ಎಸ್ ಕೋಯಿಕ್ಕೋಡ್ 2019ರಲ್ಲಿ. ಬದಲಿ ಬರುವ ಮುನ್ನವೇ ಹಳೆಯವು ಹೋದವು. ಹೊಸ ವಿಮಾನವಾಹಕಕ್ಕೆ ಸಿಗುವ ಚಪ್ಪಾಳೆ ಮೈನ್‌ಸ್ವೀಪರಿಗೆ ಸಿಗದು, ಆದರೆ ಬಂದರಿನ ಬಾಯಿ ಮುಚ್ಚಿದರೆ ಆ ವಿಮಾನವಾಹಕ ಒಳಗೇ ಇರಬೇಕು.

ಡ್ರೋನ್ ದೋಣಿಗಳದೂ ಇದೇ ಜಾಡು. 2024ರ ಫೆಬ್ರುವರಿ 1ರಂದು ಉಕ್ರೇನಿನ ಚಿಕ್ಕ ಚಾಲಕರಹಿತ ದೋಣಿಗಳು ರಷ್ಯಾದ ಕ್ಷಿಪಣಿ ಕಾರ್ವೆಟ್ ಇವಾನೊವೆಟ್ಸ್ ಅನ್ನು ಮುಳುಗಿಸಿದವು. ಕಪ್ಪು ಸಮುದ್ರದಂಥ ಇಕ್ಕಟ್ಟಿನಲ್ಲಿ ಇದು ದೊಡ್ಡ ಅಪಾಯ. ದಡದಿಂದ ಸಾವಿರ ಕಿಲೋಮೀಟರ್ ದೂರದಲ್ಲಿ 25 ನಾಟ್ ಓಡುತ್ತಿರುವ ಹಡಗನ್ನು ಅಷ್ಟು ಚಿಕ್ಕ ದೋಣಿ ಹುಡುಕಿ ಹಿಡಿಯುವುದು ಬೇರೆಯೇ ಮಾತು.

ಕಾರವಾರದಲ್ಲಿ ವಿಮಾನವಾಹಕ ನಿಲ್ಲುತ್ತದಲ್ಲ, ರಿಪೇರಿಯೂ ಅಲ್ಲೇ ಆಗುತ್ತದೆಯೇ?

ಚಿಕ್ಕಪುಟ್ಟದ್ದು ಆಗುತ್ತದೆ, ನೀರಿನಿಂದ ಮೇಲೆತ್ತುವುದು ಆಗುವುದಿಲ್ಲ. 2005ರ ಮೇ 31ರಂದು ಸೇವೆಗೆ ಬಂದ ಅಲ್ಲಿನ ನೌಕಾನೆಲೆ ಐಎನ್‌ಎಸ್ ಕದಂಬದಲ್ಲಿ ಹಡಗನ್ನು ಲಿಫ್ಟಿನಂತೆ ಮೇಲೆತ್ತಿ, ಹಳಿಗಳ ಮೇಲೆ ಒಣ ಜಾಗಕ್ಕೆ ಸರಿಸುವ ಶಿಪ್‌ಲಿಫ್ಟ್ ಇದೆ. ಅದರ ಮಿತಿ 10,000 ಟನ್. ಡಿಸ್ಟ್ರಾಯರ್‌ಗೆ ಧಾರಾಳ, 45,000 ಟನ್ನಿನ ಹತ್ತಿರದ ವಿಕ್ರಮಾದಿತ್ಯಕ್ಕೆ ಏನೇನೂ ಸಾಲದು. ತಳ ಕೆರೆದು ಬಣ್ಣ ಹಚ್ಚಲು ಅದು ಕೊಚ್ಚಿಯಂಥ ಕಡೆಯ ದೊಡ್ಡ ಡ್ರೈಡಾಕ್‌ಗೇ ಹೋಗಬೇಕು. ನೆಲೆಯನ್ನು ಕಾಯುವ ಅಲೆತಡೆ ಅಂಜದೀವ್ ದ್ವೀಪವನ್ನು ದಡಕ್ಕೆ ಸೇರಿಸಿದೆ.

ಹೆದ್ದಾರಿಯಿಂದ ಹಡಗುಗಳ ಫೋಟೊ ತೆಗೆಯಬಹುದೇ?

ತೆಗೆಯಬೇಡಿ. ನೆಲೆ ನಿಷೇಧಿತ ಪ್ರದೇಶ, ರಾಷ್ಟ್ರೀಯ ಹೆದ್ದಾರಿ 66ರ ಬದಿಯ ಫಲಕಗಳಲ್ಲೂ ಹಾಗೆಂದೇ ಬರೆದಿದೆ. ಹತ್ತಿರದಿಂದ ನೋಡುವ ಆಸೆ ಇದ್ದರೆ ಕಾರವಾರದ ರವೀಂದ್ರನಾಥ ಟ್ಯಾಗೋರ್ ಕಡಲತೀರಕ್ಕೆ ಹೋಗಿ. ಅಲ್ಲಿ ಐಎನ್‌ಎಸ್ ಚಪಲ್ ನೆಲದ ಮೇಲೆ ನಿಂತಿದೆ. 1971ರಲ್ಲಿ ಕರಾಚಿಗೆ ಹೋಗಿ ಬಂದ ದೋಣಿಗಳ ಜಾತಿಯದ್ದೇ, ನಾಲ್ಕು ಕ್ಷಿಪಣಿ ಹೊರುವ ಸೋವಿಯತ್ ವಿನ್ಯಾಸ. ಆ ಡಬ್ಬಿಗಳ ಗಾತ್ರವನ್ನು ಒಮ್ಮೆ ನೋಡಿ, ಪಕ್ಕದಲ್ಲಿ ನಾವಿಕರು ನಡೆಯಲು ಬಿಟ್ಟ ಜಾಗವನ್ನೂ ನೋಡಿ. ಪಕ್ಕದಲ್ಲೇ ನೌಕಾಪಡೆ ಬಳಸಿದ ಟುಪೊಲೆವ್-142 ವಿಮಾನವೂ ಇದೆ, ಜಲಾಂತರ್ಗಾಮಿ ಹುಡುಕಲು ಸೋನೊಬಾಯ್ ಬಿತ್ತುತ್ತಿದ್ದದ್ದು. ಮಳೆಗಾಲದಲ್ಲಿ ಹೋಗುವುದಾದರೆ ತೆರೆದಿದೆಯೇ ಎಂದು ಮೊದಲೇ ವಿಚಾರಿಸಿ.